ಓರೆಯಾದ ಗೋಡೆ ಯಾರ ಕಣ್ಣಿನದು?

ಚಲನಚಿತ್ರವೊಂದರಲ್ಲಿ ಮನೆಯ ಗೋಡೆ ನೆಟ್ಟಗಿರದೆ ಓರೆಯಾಗಿ ನಿಂತಿದ್ದರೆ, ಕಿಟಕಿ ಚೌಕವಾಗಿರದೆ ಮೂರು ಮೂಲೆಯದಾಗಿದ್ದರೆ, ನೆರಳು ದೀಪದಿಂದ ಬೀಳದೆ ನೆಲದ ಮೇಲೆ ಬಣ್ಣದಿಂದ ಬರೆದದ್ದಾಗಿದ್ದರೆ, ನೋಡುವವರಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಪ್ರತಿಕ್ರಿಯೆಗಳು ಕಂಡುಬರುತ್ತವೆ. ಕೆಲವರು ‘ಇದೆಂಥ ಹುಚ್ಚು’ ಎಂದು ಎದ್ದುಹೋಗುತ್ತಾರೆ. ಇನ್ನು ಕೆಲವರು, ಅರ್ಥವಾಗದಿರುವುದೆಲ್ಲವೂ ಉನ್ನತವಾದದ್ದೇ ಇರಬೇಕೆಂದು ಬಗೆದು ತಲೆದೂಗುತ್ತಾರೆ. ಇವೆರಡೂ ವಿಮರ್ಶೆಯಲ್ಲ. ಮೊದಲನೆಯದು ಅಸಹನೆ, ಎರಡನೆಯದು ಅಂಜಿಕೆ. ಓರೆಯಾದ ರಂಗಸಜ್ಜಿಕೆಯನ್ನು ಅಳೆಯಲು ನಮ್ಮಲ್ಲಿಯೇ ಒಂದು ಅಳತೆಗೋಲು ಇದೆಯೇ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಈ ವಿಚಾರಕ್ಕೆ ನನ್ನನ್ನು ಹಚ್ಚಿದವಳು ನನ್ನ ಮೊಮ್ಮಗಳು. ಕಳೆದ ಬೇಸಿಗೆ ರಜೆಯಲ್ಲಿ ಊರಿಗೆ ಬಂದಿದ್ದವಳ ಲ್ಯಾಪ್‌ಟಾಪಿನಲ್ಲಿ ನಾವಿಬ್ಬರೂ ‘ಡಾಕ್ಟರ್ ಕ್ಯಾಲಿಗರಿಯ ಕ್ಯಾಬಿನೆಟ್’ ಎಂಬ ಹಳೆಯ ಜರ್ಮನ್ ಮೂಕಿಚಿತ್ರವನ್ನು ನೋಡಿದೆವು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಅವಳು ಕೇಳಿದಳು: “ತಾತಾ, ಈ ಮನೆ ಕಟ್ಟಿದ ಮೇಸ್ತ್ರಿ ಹತ್ರ ತೂಗುಗುಂಡು ಇರ್ಲಿಲ್ವಾ?” ನಾನು “ಇತ್ತಮ್ಮ, ಬೇಕೂಂತಲೇ ಕೆಳಗಿಟ್ಟ” ಎಂದೆ. “ಯಾಕೆ?” ಎಂದಳು. ಆ ಹೊತ್ತಿಗೆ ನಾನು ಕೊಟ್ಟ ಉತ್ತರ ನನಗೇ ಸಾಲದೆನಿಸಿತು. ಮೂವತ್ತು ವರ್ಷ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿದವನಿಗೆ ಇಂತಹ ಸಾಲವನ್ನು ಉಳಿಸಿಕೊಳ್ಳುವ ಅಭ್ಯಾಸವಿಲ್ಲ.

ಮೊದಲು ಒಂದು ಮಾತು. ಓರೆಯಾದ ಚಿತ್ರಣವು ಪಶ್ಚಿಮದಿಂದ ಬಂದ ವಿಚಿತ್ರ ವಸ್ತುವೆಂದು ತಿಳಿಯಬೇಕಾಗಿಲ್ಲ. ರಾಯದುರ್ಗ, ಮಡಕಶಿರಗಳ ಕಡೆಯ ನಮ್ಮ ಹಿರಿಯರು ಕ್ಯಾಮರಾ ಕಾಣುವುದಕ್ಕೆ ಬಹುಕಾಲ ಮೊದಲೇ ತೊಗಲುಗೊಂಬೆಯಾಟವನ್ನು ಕಂಡವರು. ಧರ್ಮಾವರದ ಬಳಿಯ ನಿಮ್ಮಲಕುಂಟದಲ್ಲಿ ಆ ಕಲೆ ಇಂದಿಗೂ ಜೀವಂತವಾಗಿದೆ. ಅಲ್ಲಿಯ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಸಂದಿತು. ತೊಗಲುಗೊಂಬೆಯನ್ನು ಗಮನವಿಟ್ಟು ನೋಡಿದವರಿಗೆ ಗೊತ್ತು: ಮುಖ ಪಕ್ಕಕ್ಕೆ ತಿರುಗಿದ್ದರೂ ಕಣ್ಣು ಎದುರಿನಿಂದ ಕಂಡಂತೆ ಪೂರ್ಣವಾಗಿಯೇ ಇರುತ್ತದೆ. ರಾವಣನ ತಲೆಗಳೆಲ್ಲವೂ ಒಂದೇ ಸಮತಲದಲ್ಲಿ ಹರಡಿಕೊಂಡಿರುತ್ತವೆ. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ಬಣ್ಣವೂ ರೇಖೆಯೂ ಸ್ಪಷ್ಟ. ದೀಪದ ಕಡೆಗೆ ಎಳೆದರೆ ಆಕಾರವು ಹಿಗ್ಗಿ ಮಸುಕಾಗುತ್ತದೆ. ಇದು ಶರೀರಶಾಸ್ತ್ರಕ್ಕೆ ಒಪ್ಪುವ ಚಿತ್ರವಲ್ಲ. ಆದರೂ ಗೊಂಬೆಯಾಟದ ಮುಂದೆ ಕುಳಿತ ಯಾವ ರೈತನೂ ‘ಮನುಷ್ಯರ ಕಣ್ಣು ಹೀಗಿರುತ್ತದೆಯೇ’ ಎಂದು ಕೇಳಿದವನಲ್ಲ. ಹನುಮಂತನಿಗೆ ಹಿಗ್ಗುವ ಕಾರಣ ಕಥೆಯಲ್ಲಿತ್ತು; ಆದುದರಿಂದ ನೆರಳು ಹಿಗ್ಗಿತು.

ತೊಗಲುಗೊಂಬೆಯ ಅನಂತರ ನಾಟಕದ ಪರದೆ ಬಂದಿತು. ಹಳ್ಳಿಯ ನಾಟಕಗಳಿಗೆ ಬಾಡಿಗೆಗೆ ಬರುತ್ತಿದ್ದ ಸೀನರಿಗಳಲ್ಲಿ ದರ್ಬಾರು ಸೀನು, ಕಾಡಿನ ಸೀನು, ಬೀದಿ ಸೀನು ಎಂದು ಮೂರು ಕಟ್ಟಾಗಿ ಇರುತ್ತಿದ್ದವು. ಬೀದಿ ಸೀನಿನಲ್ಲಿ ಮನೆಗಳ ಸಾಲು ದೂರಕ್ಕೆ ಹೋದಂತೆ ಕಿರಿದಾಗುತ್ತ ಒಂದು ಚುಕ್ಕೆಯಲ್ಲಿ ಕೂಡುತ್ತಿತ್ತು. ಆದರೆ ನಟನು ಹಿಂದಕ್ಕೆ ಸರಿದು ಆ ದೂರದ ಮನೆಯ ಪಕ್ಕದಲ್ಲಿ ನಿಂತರೆ ಮನೆಯ ಮಾಡು ಅವನ ಮೊಣಕಾಲಿಗೆ ಬರುತ್ತಿತ್ತು. ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಬರೆದ ನೆರಳು ಒಂದು ಕಡೆಗೂ, ನಟನ ನಿಜವಾದ ನೆರಳು ಇನ್ನೊಂದು ಕಡೆಗೂ ಬೀಳುತ್ತಿದ್ದವು. ಕಡಪ ಜಿಲ್ಲೆಯ ಸುರಭಿ ಗ್ರಾಮದಲ್ಲಿ 1885ರಲ್ಲಿ ‘ಕೀಚಕವಧೆ’ಯಿಂದ ಆರಂಭಗೊಂಡ ಸುರಭಿ ಮನೆತನದ ತಂಡಗಳು ಪರದೆ, ಹಗ್ಗ, ಬೆಳಕುಗಳಿಂದ ರಂಗದ ಮೇಲೆ ಮಾಯೆಯನ್ನೇ ಕಟ್ಟಿದುವು. ಇತ್ತ ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಒಂದು ದಾರಿ ಕಲ್ಪಿತವನ್ನು ಕಣ್ಣಿಗೆ ಕಟ್ಟುವಂತೆ ಮಾಡುವುದು. ಇನ್ನೊಂದು ಕಣ್ಣ ಮುಂದಿನದನ್ನೇ ತಂದು ನಿಲ್ಲಿಸುವುದು. ಚಲನಚಿತ್ರವು ಈ ಎರಡೂ ದಾರಿಗಳಿಗೆ ವಾರಸುದಾರನಾಯಿತು.

ಇವುಗಳ ಔಚಿತ್ಯವನ್ನು ಅಳೆಯುವುದು ಹೇಗೆ? ನಮ್ಮ ಕಾವ್ಯಮೀಮಾಂಸೆಯಲ್ಲಿ ಎರಡು ಮಾತುಗಳು ಇಲ್ಲಿ ಸಹಾಯಕ್ಕೆ ಬರುತ್ತವೆ. ಕಾಶ್ಮೀರದ ಕುಂತಕನು ‘ವಕ್ರೋಕ್ತಿಜೀವಿತ’ದಲ್ಲಿ ವಕ್ರತೆಯೇ ಕಾವ್ಯದ ಜೀವವೆಂದು ಸಾಧಿಸಿದನು. ಲೋಕದಲ್ಲಿ ಆಡುವ ನೇರ ಮಾತಿನಿಂದ ಬಾಗಿ, ಬೇರೆಯಾಗಿ, ಚಮತ್ಕಾರದಿಂದ ಹೇಳಿದಾಗ ಮಾತು ಕಾವ್ಯವಾಗುತ್ತದೆ ಎಂಬುದು ಅವನ ನಿಲುವು. ಅದೇ ನಾಡಿನ ಕ್ಷೇಮೇಂದ್ರನು ಔಚಿತ್ಯವನ್ನು ಮುಂದಿಟ್ಟನು. ಕೊರಳಿನ ಹಾರವನ್ನು ಸೊಂಟಕ್ಕೂ ಕಾಲಿನ ಅಂದುಗೆಯನ್ನು ಕೈಗೂ ತೊಟ್ಟರೆ ಒಡವೆ ಎಷ್ಟು ಬೆಲೆಯದಾದರೂ ನಗೆಪಾಟಲಾಗುತ್ತದೆಯಲ್ಲವೇ? ವಕ್ರತೆ ಬೇಕು, ಆದರೆ ಅದು ತನ್ನ ಸ್ಥಾನದಲ್ಲಿರಬೇಕು. ರಂಗಸಜ್ಜಿಕೆ ಎಂಬುದು ರಸಸಿದ್ಧಾಂತದ ಮಾತಿನಲ್ಲಿ ಉದ್ದೀಪನ ವಿಭಾವ. ಪಾತ್ರದ ಭಾವವನ್ನು ಹೊತ್ತಿಸುವ ಪರಿಸರ. ವಿರಹಿಗೆ ಬೆಳದಿಂಗಳು ಸುಡುತ್ತದೆಂದು ನಮ್ಮ ಕವಿಗಳು ಸಾವಿರ ವರ್ಷ ಬರೆದರು. ಆ ಬಿಸಿ ಚಂದ್ರನದಲ್ಲ, ವಿರಹಿಯದು. ಹಾಗಾದರೆ ಓರೆಯಾದ ಸೆಟ್ಟಿಗೆ ಹಾಕಬೇಕಾದ ಮೊದಲ ಪ್ರಶ್ನೆ ಇದು: ಈ ಓರೆ ಯಾರ ಕಣ್ಣಿನದು? ಒಂದು ಪಾತ್ರದ್ದೇ, ಕಥೆಯ ಧರ್ಮದ್ದೇ, ಅಥವಾ ಯಾರದೂ ಅಲ್ಲದ ಬರಿಯ ಅಲಂಕಾರವೇ?

ಈ ಪ್ರಶ್ನೆಯೊಂದಿಗೆ ಕ್ಯಾಲಿಗರಿಗೆ ಬರೋಣ. ರಾಬರ್ಟ್ ವೀನ ನಿರ್ದೇಶನದ ಈ ಚಿತ್ರವು 1920ರ ಫೆಬ್ರವರಿಯಲ್ಲಿ ಬರ್ಲಿನ್‌ನಲ್ಲಿ ತೆರೆಕಂಡಿತು. ಮೊದಲನೆಯ ಮಹಾಯುದ್ಧದಲ್ಲಿ ಸೋತು ನುಗ್ಗಾಗಿದ್ದ ದೇಶವದು. ಹೆರ್ಮಾನ್ ವಾರ್ಮ್, ವಾಲ್ಟರ್ ರೈಮಾನ್, ವಾಲ್ಟರ್ ರೋರಿಗ್ ಎಂಬ ಮೂವರು ಕಲಾವಿದರು ಬಟ್ಟೆ ಮತ್ತು ಹಲಗೆಗಳ ಮೇಲೆ ಇಡೀ ಊರನ್ನು ಬರೆದರು. ಮನೆಗಳು ಒಂದರ ಮೇಲೊಂದು ವಾಲಿವೆ. ಹಾದಿಗಳು ಚಾಕುವಿನಂತೆ ಚೂಪಾಗಿವೆ. ಬೆಳಕನ್ನೂ ನೆರಳನ್ನೂ ಕುಂಚದಿಂದಲೇ ಬರೆಯಲಾಗಿದೆ. ನಮ್ಮ ಬಾಡಿಗೆ ಸೀನರಿಯಲ್ಲಿ ಅರಿಯದೆ ಆಗುತ್ತಿದ್ದ ದೋಷವನ್ನೇ ಇಲ್ಲಿ ಅರಿತು ಮಾಡಲಾಗಿದೆ ಎನ್ನಬಹುದು. ಇದನ್ನು ಅತಿವಾಸ್ತವವಾದವೆಂದು ಕರೆಯುವವರುಂಟು. ಆದರೆ ಆ ಪಂಥದ ಪ್ರಣಾಳಿಕೆಯನ್ನು ಆಂದ್ರೆ ಬ್ರೆತೋಂ ಪ್ರಕಟಿಸಿದ್ದು 1924ರಲ್ಲಿ. ಕ್ಯಾಲಿಗರಿ ಅದಕ್ಕಿಂತ ಮೊದಲಿನದು, ಅಭಿವ್ಯಕ್ತಿವಾದಕ್ಕೆ ಸೇರಿದ್ದು. ಅತಿವಾಸ್ತವವಾದವು ಕನಸಿನ ತರ್ಕವನ್ನು ಹಿಡಿಯಲು ಹೊರಡುತ್ತದೆ. ಅಭಿವ್ಯಕ್ತಿವಾದವು ಒಳಗಿನ ತಳಮಳವನ್ನು ಹೊರಗಿನ ವಸ್ತುವಿನ ಮೇಲೆ ಬಳಿಯುತ್ತದೆ.

ಈ ಚಿತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೊಲೆಯ ದೃಶ್ಯವಲ್ಲ, ಒಂದು ಕಚೇರಿಯ ದೃಶ್ಯ. ಕ್ಯಾಲಿಗರಿ ಎಂಬ ಮುದುಕ ಜಾತ್ರೆಯಲ್ಲಿ ತನ್ನ ಪ್ರದರ್ಶನ ನಡೆಸಲು ಅನುಮತಿ ಕೇಳುವುದಕ್ಕೆ ಪುರಸಭೆಯ ಗುಮಾಸ್ತನ ಬಳಿಗೆ ಹೋಗುತ್ತಾನೆ. ಗುಮಾಸ್ತನು ಕುಳಿತಿರುವ ಸ್ಟೂಲು ಆಳೆತ್ತರಕ್ಕಿದೆ. ಅಲ್ಲಿಂದ ಬಾಗಿ ಕೆಳಗಿನವನನ್ನು ಗದರುತ್ತಾನೆ. ಅಂತಹ ಸ್ಟೂಲು ಯಾವ ಕಚೇರಿಯಲ್ಲಿಯೂ ಇಲ್ಲ. ಆದರೆ ಒಂದು ಸಹಿಗಾಗಿ, ಒಂದು ಪ್ರಮಾಣಪತ್ರಕ್ಕಾಗಿ ಕಿಟಕಿಯ ಮುಂದೆ ನಿಂತವರೆಲ್ಲರೂ ಆ ಸ್ಟೂಲನ್ನು ಕಂಡಿದ್ದಾರೆ. ಬಡಗಿಯ ಅಳತೆಯಲ್ಲಿ ಸುಳ್ಳಾದದ್ದು ಅರ್ಜಿದಾರನ ಅನುಭವದಲ್ಲಿ ನಿಜ. ಇದು ಉಚಿತವಾದ ವಕ್ರತೆ.

ಕಥೆಯ ಕೊನೆಯಲ್ಲಿ ದೊಡ್ಡ ತಿರುವೊಂದಿದೆ. ಕ್ಯಾಲಿಗರಿಯು ಚೇಸರೆ ಎಂಬ ನಿದ್ರಾಚಾರಿಯಿಂದ ಕೊಲೆಗಳನ್ನು ಮಾಡಿಸುತ್ತಾನೆ. ಅವನು ಹುಚ್ಚಾಸ್ಪತ್ರೆಯೊಂದರ ಮುಖ್ಯಸ್ಥನೇ ಆಗಿರುತ್ತಾನೆ. ಇದನ್ನೆಲ್ಲ ನಮಗೆ ಹೇಳುತ್ತಿರುವವನು ಫ್ರಾನ್ಸಿಸ್ ಎಂಬ ಯುವಕ. ಆದರೆ ಕೊನೆಗೆ ತಿಳಿಯುವುದೇನೆಂದರೆ, ಆ ಫ್ರಾನ್ಸಿಸನೇ ಆಸ್ಪತ್ರೆಯ ರೋಗಿ, ಕ್ಯಾಲಿಗರಿಯೆಂದು ಅವನು ಭಾವಿಸಿದವನು ಅಲ್ಲಿಯ ವೈದ್ಯ. ಆಗ ಓರೆಯಾದ ಊರು ಹುಚ್ಚನ ಕಣ್ಣಿನದು ಎಂಬ ಸಮಾಧಾನ ದೊರೆಯುತ್ತದೆ. ಸೀಗ್‌ಫ್ರೀಡ್ ಕ್ರಾಕೌರ್ 1947ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ಈ ಚೌಕಟ್ಟನ್ನು ಕಟುವಾಗಿ ಟೀಕಿಸಿದನು. ಅಧಿಕಾರವೇ ಹುಚ್ಚೆಂದು ಸಾರಬೇಕಾಗಿದ್ದ ಕಥೆಯು, ಅಧಿಕಾರವನ್ನು ಪ್ರಶ್ನಿಸಿದವನೇ ಹುಚ್ಚ ಎಂದು ಹೇಳುವ ಕಥೆಯಾಗಿ ತಲೆಕೆಳಗಾಯಿತೆಂಬುದು ಅವನ ವಾದ. ಮೂಲ ಚಿತ್ರಕಥೆಯಲ್ಲಿಯೂ ಬೇರೊಂದು ಬಗೆಯ ಚೌಕಟ್ಟು ಇದ್ದಿತೆಂಬುದು ಆಮೇಲೆ ಬೆಳಕಿಗೆ ಬಂದ ಪ್ರತಿಯಿಂದ ತಿಳಿದುಬಂದುದರಿಂದ ಆ ವಾದ ಸ್ವಲ್ಪ ಸಡಿಲವಾಗಿದೆ.

ಆದರೆ ನನ್ನ ಅಭಿಪ್ರಾಯದಲ್ಲಿ ಕ್ರಾಕೌರ್‌ಗಿಂತ ಸೆಟ್ಟೇ ಹೆಚ್ಚು ಸೂಕ್ಷ್ಮವಾಗಿ ಮಾತನಾಡುತ್ತದೆ. ಫ್ರಾನ್ಸಿಸನ ಕಥೆ ಮುಗಿದು ನಾವು ‘ನಿಜ’ವಾದ ಆಸ್ಪತ್ರೆಗೆ ಮರಳಿದಾಗ ಅಂಗಳವು ಬದಲಾಗಿರಬೇಕಿತ್ತು. ಬದಲಾಗಿಲ್ಲ. ಅವನ ಕಥೆಯಲ್ಲಿ ಕಂಡಿದ್ದ ಅದೇ ಅಂಗಳ, ನೆಲದ ಮೇಲೆ ಕಿರಣಗಳಂತೆ ಹರಡಿದ ಅವೇ ಪಟ್ಟೆಗಳು. ಹುಚ್ಚನ ಕಣ್ಣಿನಿಂದ ಹೊರಗೆ ಬಂದರೂ ಗೋಡೆಗಳು ನೆಟ್ಟಗಾಗಲಿಲ್ಲ. ಹಾಗಾದರೆ ಈ ಓರೆ ಯಾರದು? ರೋಗಿಯದೇ, ವೈದ್ಯನದೇ, ಆ ಕಾಲದ್ದೇ? ಚಿತ್ರವು ಉತ್ತರ ಕೊಡದೆ ಮುಗಿಯುತ್ತದೆ. ನೂರು ವರ್ಷ ದಾಟಿದರೂ ಅದು ಹಳತಾಗದಿರುವುದು ಇದರಿಂದಲೇ.

ಈಗ ನಮ್ಮ ನೆಲಕ್ಕೆ ಮರಳಿದರೆ, ನಮ್ಮದೇ ಜಿಲ್ಲೆಯ ತಾಡಪತ್ರಿಯಲ್ಲಿ ಹುಟ್ಟಿದ ಇಬ್ಬರು ಮಹನೀಯರು ಎದುರಾಗುತ್ತಾರೆ. 1880ರಲ್ಲಿ ಹುಟ್ಟಿದ ಬಳ್ಳಾರಿ ರಾಘವರು ಕೃತಕವಾದ ಅಬ್ಬರವನ್ನು ಬಿಟ್ಟು ಸಹಜಾಭಿನಯವನ್ನು ಪ್ರತಿಪಾದಿಸಿದವರು. 1912ರಲ್ಲಿ ಅಲ್ಲಿಯೇ ಹುಟ್ಟಿದ ಕೆ.ವಿ. ರೆಡ್ಡಿಯವರು ಮಾಯಾಲೋಕವನ್ನು ಬೆಳ್ಳಿತೆರೆಗೆ ತಂದವರು. ಕನ್ನಡಿಗರಿಗೆ ಅವರು ಪರಕೀಯರಲ್ಲ. ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿ ರಾಜಕುಮಾರರು ನಟಿಸಿದ 1965ರ ‘ಸತ್ಯ ಹರಿಶ್ಚಂದ್ರ’ದ ನಿರ್ಮಾಪಕರು ಅವರೇ. ಅವರ ನಿರ್ದೇಶನದ ‘ಪಾತಾಳ ಭೈರವಿ’ 1951ರಲ್ಲಿ ಬಂದಿತು. ಟೂರಿಂಗ್ ಟಾಕೀಸಿನ ಡೇರೆಯಲ್ಲಿ, ಮರಳಿನ ಮೇಲೆ ಕುಳಿತು ಅದನ್ನು ನೋಡಿದ ಹುಡುಗರಲ್ಲಿ ನಾನೂ ಒಬ್ಬ. ಭೈರವಿಯ ಗುಹೆಯೂ ಅದರ ಮುಂದೆ ನಿಂತ ನೇಪಾಳದ ಮಾಂತ್ರಿಕನೂ ಅನೇಕ ರಾತ್ರಿ ನಿದ್ದೆಗೆಡಿಸಿದ್ದುಂಟು. ಮಾರ್ಕಸ್ ಬಾರ್ಟ್ಲಿಯವರ ಛಾಯಾಗ್ರಹಣ, ಗೋಖಲೆ ಮತ್ತು ಕಲಾಧರರ ಕಲಾನಿರ್ದೇಶನ ಎಂಬ ಹೆಸರುಗಳನ್ನು ತಿಳಿದದ್ದು ಬಹಳ ವರ್ಷಗಳ ಮೇಲೆ.

ಅದೇ ಬಳಗದ 1957ರ ‘ಮಾಯಾಬಜಾರ್’ ನಮ್ಮ ವಿಚಾರಕ್ಕೆ ಇನ್ನೂ ಹತ್ತಿರದ್ದು. ಅದರಲ್ಲಿ ಪ್ರಿಯದರ್ಶಿನಿ ಎಂಬ ಒಂದು ಪೆಟ್ಟಿಗೆಯಿದೆ. ಅದನ್ನು ತೆರೆದು ನೋಡಿದವರಿಗೆ ತಮಗೆ ಪ್ರಿಯವಾದದ್ದು ಕಾಣುತ್ತದೆ. ಶಶಿರೇಖೆಗೆ ಅಭಿಮನ್ಯು ಕಾಣುತ್ತಾನೆ, ರೇವತಿಗೆ ಒಡವೆಗಳು ಕಾಣುತ್ತವೆ, ಬಲರಾಮನಿಗೆ ದುರ್ಯೋಧನ ಕಾಣುತ್ತಾನೆ. ಶ್ರೀಕೃಷ್ಣನು ನೋಡಿದಾಗ ಕಾಣುವವನು ಶಕುನಿ! ಪೆಟ್ಟಿಗೆ ಒಂದೇ, ಚಿತ್ರಗಳು ಬೇರೆ. ಕಾಣುವುದು ವಸ್ತುವಿನಲ್ಲಿಲ್ಲ, ನೋಡುವವನಲ್ಲಿದೆ ಎಂಬ ತತ್ತ್ವವನ್ನು ನಮ್ಮ ಹಳ್ಳಿಯ ಅಕ್ಷರವರಿಯದ ತಾಯಂದಿರಿಗೂ ತಿಳಿಯುವಂತೆ ಹೇಳಿದ ದೃಶ್ಯವದು.

ಮುಂದೆ ಘಟೋತ್ಕಚನ ಮಾಯೆಯಿಂದ ಕಟ್ಟಿದ ವಿಡಾರದಲ್ಲಿ ಕಂಬಳಿಯು ತನ್ನ ಮೇಲೆ ಕುಳಿತ ಶರ್ಮ ಶಾಸ್ತ್ರಿಗಳನ್ನು ಸುತ್ತಿಕೊಳ್ಳುತ್ತದೆ, ಮಂಚವು ಅವರನ್ನು ಕೊಡವಿಹಾಕುತ್ತದೆ. ಕೊನೆಯಲ್ಲಿ ಸತ್ಯಪೀಠದ ಮೇಲೆ ನಿಂತ ಶಕುನಿಯ ಬಾಯಿಂದ ಅವನ ಕುತಂತ್ರವೆಲ್ಲ ತಾನಾಗಿ ಹೊರಬೀಳುತ್ತದೆ. ಇಲ್ಲಿ ವಕ್ರತೆಯು ಯಾವ ಪಾತ್ರದ ಮನಸ್ಸಿನದೂ ಅಲ್ಲ, ಕಥೆಯ ಧರ್ಮದ್ದು. ಮೋಸದಿಂದ ಬಂದವರಿಗೆ ಮನೆಯ ಸಾಮಾನೇ ಎದುರು ನಿಲ್ಲುತ್ತದೆ. ಅದೇ ಮಂಚವು ಶಶಿರೇಖೆಯನ್ನು ಕೊಡವಿದ್ದರೆ ನಾವು ನಗುತ್ತಿರಲಿಲ್ಲ. ಕ್ಷೇಮೇಂದ್ರನ ಔಚಿತ್ಯವೆಂದರೆ ಇದೇ. ಕ್ಯಾಲಿಗರಿಯ ಗೋಡೆ ನಮ್ಮನ್ನು ಹೆದರಿಸಿ ಪ್ರಶ್ನೆಯೊಂದಿಗೆ ಬಿಡುತ್ತದೆ. ಮಾಯಾಬಜಾರಿನ ಮಂಚ ನಗಿಸಿ ತೀರ್ಪನ್ನು ಕೊಡುತ್ತದೆ. ಅದು ಸೋತ ನಾಡಿನ ಕಲೆ, ಇದು ಪುರಾಣದಲ್ಲಿ ಭರವಸೆಯಿಟ್ಟ ನಾಡಿನ ಕಲೆ. ಎರಡರಲ್ಲಿಯೂ ವಸ್ತುಗಳು ಸುಮ್ಮನಿರುವುದಿಲ್ಲ.

ಮೂರನೆಯ ಬಗೆಯದು ಕನಸಿನ ದೃಶ್ಯ. ‘ಕನಸು’ ಎಂದು ಹೇಳಿಬಿಟ್ಟರೆ ಏನನ್ನು ತೋರಿಸುವುದಕ್ಕೂ ಅನುಮತಿ ದೊರೆಯುತ್ತದೆ. ರಾಜ್ ಕಪೂರರ ‘ಆವಾರಾ’ದಲ್ಲಿ (1951) ಎಂ.ಆರ್. ಅಚ್ರೇಕರರ ಕಲಾನಿರ್ದೇಶನದ ಸ್ವರ್ಗ ನರಕಗಳ ಕನಸು ಪ್ರಸಿದ್ಧ. ಮೋಡಗಳು, ಸುರುಳಿ ಮೆಟ್ಟಿಲು, ಭಾರಿ ವಿಗ್ರಹಗಳು ಇವೆಲ್ಲವೂ ವೈಭವಕ್ಕಾಗಿಯೇ ಇವೆಯೆನ್ನಿಸಿದರೂ, ಕಳ್ಳತನದ ಬದುಕಿನಿಂದ ಮೇಲೇರಲು ತವಕಿಸುವ ರಾಜುವಿನ ಮನಸ್ಸು ಆ ಮೆಟ್ಟಿಲಿನಲ್ಲಿದೆ. ಆದುದರಿಂದ ಅದು ಉಳಿಯುತ್ತದೆ. ಹಿಚ್‌ಕಾಕರ ‘ಸ್ಪೆಲ್‌ಬೌಂಡ್’ಗೆ (1945) ಸಾಲ್ವಡಾರ್ ಡಾಲಿಯೇ ಕನಸನ್ನು ರೂಪಿಸಿಕೊಟ್ಟನು. ಪರದೆಗಳ ತುಂಬ ಬರೆದ ಕಣ್ಣುಗಳು, ಅವನ್ನು ಕತ್ತರಿಸುವ ದೊಡ್ಡ ಕತ್ತರಿ. ನೋಡುವಾಗ ಮೈ ಝುಮ್ಮೆನ್ನುತ್ತದೆ. ಆದರೆ ಮುಂದೆ ಅದರ ಒಂದೊಂದು ಅಂಶಕ್ಕೂ ಇದರ ಅರ್ಥ ಇದು, ಅದರ ಅರ್ಥ ಅದು ಎಂದು ಬಿಡಿಸಿ ಹೇಳುವುದರಿಂದ ಕನಸು ಬೀಜಗಣಿತದ ಲೆಕ್ಕವಾಗಿಬಿಡುತ್ತದೆ. ಉತ್ತರ ಸಿಕ್ಕ ಮೇಲೆ ಲೆಕ್ಕವನ್ನು ಯಾರೂ ಮತ್ತೆ ನೋಡುವುದಿಲ್ಲ. ಪ್ರತೀಕವನ್ನು ಪೂರ್ತಿ ವಿವರಿಸಿದರೆ ಧ್ವನಿ ಉಳಿಯುವುದಿಲ್ಲವೆಂಬ ಆನಂದವರ್ಧನನ ಪಾಠವನ್ನು ಇಲ್ಲಿ ನೆನೆಯಬೇಕು.

ಕನ್ನಡ ಚಿತ್ರಗಳಲ್ಲಿ ಈ ಪ್ರಶ್ನೆಗೆ ದೊರೆತ ಉತ್ತರಗಳಲ್ಲಿ ಎರಡನ್ನು ಮಾತ್ರ ಎತ್ತಿಕೊಳ್ಳುತ್ತೇನೆ. ಮೊದಲನೆಯದು ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ಎಪ್ಪತ್ತರ ದಶಕದ ಆರಂಭದಲ್ಲಿ ತೆರೆಗೆ ತಂದ ‘ಶರಪಂಜರ’. ಮಾನಸಿಕ ಅಸ್ವಸ್ಥತೆಯ ಕಥೆಯಾದುದರಿಂದ ಗೋಡೆಗಳನ್ನು ಓರೆಮಾಡಲು ಇದಕ್ಕಿಂತ ಒಳ್ಳೆಯ ಅವಕಾಶ ಬೇರೆಯಿರಲಿಲ್ಲ. ಆದರೆ ಕಾವೇರಿಯ ಮನೆ ಎಲ್ಲ ಅನುಕೂಲಸ್ಥರ ಮನೆಯಂತೆಯೇ ಇದೆ. ಗೋಡೆಗಳು ನೆಟ್ಟಗಿವೆ, ಸಾಮಾನುಗಳು ಒಪ್ಪವಾಗಿವೆ. ಆಸ್ಪತ್ರೆಯಿಂದ ಗುಣವಾಗಿ ಮರಳಿದ ಆಕೆಯ ಒಂದು ಸಣ್ಣ ಕೋಪವನ್ನೂ ಒಂದು ನಗುವನ್ನೂ ‘ಇನ್ನೂ ಹುಚ್ಚು ಬಿಟ್ಟಿಲ್ಲ’ ಎಂದು ಓದುವ ಕಣ್ಣುಗಳು ಆ ಮನೆಯ ತುಂಬ ಇವೆ. ಇಲ್ಲಿ ರೋಗಿಯ ನೋಟ ನೇರ, ಆರೋಗ್ಯವಂತರ ನೋಟ ಓರೆ. ಕೊನೆಗೆ ಗಂಡನ ದ್ರೋಹ ತಿಳಿದು ಆಕೆ ಮತ್ತೆ ಕುಸಿಯುತ್ತಾಳೆ. ಕ್ಯಾಲಿಗರಿಯು ಗೋಡೆಯನ್ನು ಬಾಗಿಸಿ ಕೇಳಿದ ಪ್ರಶ್ನೆಯನ್ನೇ ಪುಟ್ಟಣ್ಣನವರು ಗೋಡೆಯನ್ನು ನೆಟ್ಟಗೆ ನಿಲ್ಲಿಸಿ ಕೇಳಿದರು: ಇವರಲ್ಲಿ ಹುಚ್ಚರಾರು, ಹುಚ್ಚೆಂದು ನಿರ್ಣಯಿಸುವ ಅಧಿಕಾರ ಯಾರದು? ವಕ್ರತೆಗೆ ವಕ್ರ ಸೆಟ್ಟು ಅನಿವಾರ್ಯವಲ್ಲವೆಂಬುದಕ್ಕೆ ಕಲ್ಪನಾ ಅವರ ಕಾವೇರಿಗಿಂತ ಬೇರೆ ಸಾಕ್ಷಿ ಬೇಕಿಲ್ಲ.

ಎರಡನೆಯದು ಪವನ್ ಕುಮಾರರು ಪ್ರೇಕ್ಷಕರಿಂದಲೇ ಹಣ ಕೂಡಿಸಿ 2013ರಲ್ಲಿ ಮಾಡಿದ ‘ಲೂಸಿಯಾ’. ಚಿತ್ರಮಂದಿರದಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ ನಿಕ್ಕಿಗೆ ನಿದ್ದೆ ಬಾರದು. ಲೂಸಿಯಾ ಎಂಬ ಮಾತ್ರೆ ನುಂಗಿ, ತಾನು ದೊಡ್ಡ ಚಿತ್ರನಟನಾದಂತೆ ಕನಸು ಕಾಣುತ್ತಾನೆ. ಬಡ ನಿಕ್ಕಿಯ ಬದುಕು ಬಣ್ಣದಲ್ಲಿದೆ, ನಟನ ಬದುಕು ಕಪ್ಪು ಬಿಳುಪಿನಲ್ಲಿದೆ. ಬಣ್ಣದ್ದು ನಿಜ, ಕಪ್ಪು ಬಿಳುಪು ಕನಸು ಎಂದು ನಾವು ನಂಬಿ ನೋಡುತ್ತೇವೆ. ಕೊನೆಗೆ ಅದು ತಿರುವುಮುರುವಾಗುತ್ತದೆ. ನಟನೇ ನಿಜ, ಟಾರ್ಚ್ ಹಿಡಿದ ಸರಳ ಬದುಕು ಅವನು ಹಂಬಲಿಸಿ ಕಂಡ ಕನಸು. ಬಣ್ಣವಿದ್ದದ್ದು ಬಯಕೆಯಲ್ಲಿ, ಇದ್ದ ಬದುಕಿನಲ್ಲಲ್ಲ. ಇಲ್ಲಿ ಒಂದು ಗೋಡೆಯೂ ಬಾಗಿಲ್ಲ, ಬಣ್ಣವನ್ನು ಮಾತ್ರ ಹಿಂದುಮುಂದು ಮಾಡಲಾಗಿದೆ. ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ವಕ್ರತೆಯನ್ನು ಸಾಧಿಸಿದ ಕನ್ನಡ ಚಿತ್ರ ನನಗೆ ಮತ್ತೊಂದು ನೆನಪಾಗುವುದಿಲ್ಲ.

ಇವುಗಳ ಮುಂದೆ ಇಂದಿನ ಅನೇಕ ಚಿತ್ರಗಳ ಹಾಡಿನ ಸೆಟ್ಟುಗಳನ್ನಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಆಕಾಶದಲ್ಲಿ ತೇಲುವ ಬೆಟ್ಟ, ತಲೆಕೆಳಗಾದ ಅರಮನೆ, ಗಾಳಿಯಲ್ಲಿ ತಿರುಗುವ ಮೆಟ್ಟಿಲು, ಇವೆಲ್ಲವೂ ಈಗ ಗ್ರಾಫಿಕ್ಸಿನಿಂದ ಸುಲಭಸಾಧ್ಯ. ಯಾರ ಕಣ್ಣಿನದು ಎಂದು ಕೇಳಿದರೆ ಉತ್ತರವಿಲ್ಲ. ನಾಯಕನ ಮನಸ್ಸಿನಲ್ಲಿ ಅಂತಹ ತಿರುಗಣಿಯಿಲ್ಲ, ಕಥೆಯಲ್ಲಿ ಅಂತಹ ಮಾಯೆಯಿಲ್ಲ. ಹಿಂದೆ ಒಂದು ಗೋಡೆಯನ್ನು ಓರೆಮಾಡಬೇಕಾದರೆ ಬಡಗಿಯೂ ಚಿತ್ರಗಾರನೂ ದಿನಗಟ್ಟಲೆ ದುಡಿಯಬೇಕಾಗಿತ್ತು. ಆ ಶ್ರಮವೇ ‘ಇದು ಬೇಕೇ’ ಎಂಬ ಪ್ರಶ್ನೆಯನ್ನು ಕೇಳಿಸುತ್ತಿತ್ತು. ಈಗ ಬಾಗಿಸುವುದು ಸುಲಭವಾಗಿದೆ. ಬಾಗಿಸಲು ಕಾರಣ ಹುಡುಕುವುದು ಮೊದಲಿನಷ್ಟೇ ಕಷ್ಟವಾಗಿ ಉಳಿದಿದೆ. ಹಳೆಯದೆಲ್ಲ ಚೆನ್ನ, ಹೊಸದೆಲ್ಲ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಬಾಡಿಗೆ ಸೀನರಿಯ ಬೀದಿಯೂ ಓರೆಯಾಗಿಯೇ ಇತ್ತು, ಅದರಲ್ಲಿಯೂ ಅರ್ಥವಿರಲಿಲ್ಲ. ಉಪಕರಣ ಯಾವುದೇ ಇರಲಿ, ಪರೀಕ್ಷೆ ಒಂದೇ.

ಈ ವಿಷಯವನ್ನು ಸಾಹಿತ್ಯ ಸಮಾವೇಶದ ಸಂಚಿಕೆಗೆ ಬರೆಯಲು ಇನ್ನೊಂದು ಕಾರಣವಿದೆ. ಗಡಿನಾಡಿನವರಾದ ನಾವು ಓರೆ ಎನ್ನಿಸಿಕೊಂಡು ಬದುಕಿದವರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರೂಪುಗೊಂಡಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರುಗಳೊಡನೆ ರಾಯದುರ್ಗವೂ ಆಂಧ್ರಕ್ಕೆ ಸೇರಿತು. ಮಡಕಶಿರವು ಅನಂತಪುರದಿಂದ 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಪಾವಗಡ, ಶಿರಾ, ಮಧುಗಿರಿಗಳ ನಡುವೆ ಮಡಕಶಿರದ ಗಡಿಗೆರೆ ಹೇಗೆ ಚೂಪಾಗಿ ಒಳಹೊಕ್ಕು ಹೊರಬರುತ್ತದೆಯೆಂಬುದನ್ನು ನಕ್ಷೆಯಲ್ಲಿ ನೋಡಿದರೆ ಕ್ಯಾಲಿಗರಿಯ ಬೀದಿ ನೆನಪಾಗುತ್ತದೆ. ರೊಳ್ಳ, ಅಗಳಿ, ಅಮರಾಪುರಂಗಳ ನಮ್ಮ ಮಾತಿಗೆ ಆಚೆ ಹೋದರೆ ‘ತೆಲುಗು ವಾಸನೆಯ ಕನ್ನಡ’ ಎಂಬ ಹೆಸರು, ಈಚೆ ಬಂದರೆ ‘ಕನ್ನಡ ಎಳೆತದ ತೆಲುಗು’ ಎಂಬ ಹೆಸರು. ಶಿಕ್ಷಕರ ಸಭೆಯೊಂದರಲ್ಲಿ ನಾನು ಮಾತು ಮುಗಿಸಿದಾಗ ವಿಷಯದ ಬಗ್ಗೆ ಒಂದು ಮಾತನ್ನೂ ಆಡದೆ, “ನಿಮ್ಮ ಕನ್ನಡ ಸ್ವಲ್ಪ ಓರೆ ಮೇಷ್ಟ್ರೇ” ಎಂದು ನಕ್ಕವರೊಬ್ಬರಿದ್ದರು. ಆ ದಿನ ನನಗೆ ಉತ್ತರ ಹೊಳೆಯಲಿಲ್ಲ. ಅದಕ್ಕಿಂತ ಹೆಚ್ಚಿನ ಸಂಕಟದ ಮಾತೆಂದರೆ, ಮರುದಿನ ತರಗತಿಗೆ ಹೋದವನು ಮಕ್ಕಳ ಮನೆಮಾತನ್ನು ನಾನೇ ಎರಡು ಪಟ್ಟು ಕಟ್ಟುನಿಟ್ಟಾಗಿ ತಿದ್ದತೊಡಗಿದೆ. ಎತ್ತರದ ಸ್ಟೂಲಿನ ಗುಮಾಸ್ತನನ್ನು ಪರದೆಯ ಮೇಲೆ ಕಂಡಾಗ ಮೊದಲು ನೆನಪಾದದ್ದು ಆ ಸಭೆ. ಆಮೇಲೆ ನೆ‍ನಪಾದದ್ದು ನನ್ನದೇ ಕುರ್ಚಿ.

ಕಾಗುಣಿತ ತಪ್ಪಿದರೆ ತಪ್ಪೇ. ಅದನ್ನು ತಿದ್ದುವುದು ಮೇಷ್ಟ್ರ ಕರ್ತವ್ಯ, ಅದರಲ್ಲಿ ನನಗೆ ಇಂದಿಗೂ ಸಂಶಯವಿಲ್ಲ. ಆದರೆ ಎರಡು ಭಾಷೆಗಳ ನಡುವೆ ತಲೆತಲಾಂತರದಿಂದ ಬದುಕಿದವರ ಮಾತು ಬಾಗಿರುವುದು ತಪ್ಪಲ್ಲ. ಅದಕ್ಕೆ ಕಾರಣವಿದೆ, ಅದರಲ್ಲಿ ಅವರ ಬಾಳಿದೆ. ಕಾರಣವಿಲ್ಲದ ಓರೆ ದೋಷ, ಕಾರಣವಿರುವ ಓರೆ ವಕ್ರತೆ. ಈ ವಿವೇಕವನ್ನು ನನಗೆ ಕುಂತಕನು ಕಲಿಸಬೇಕಾಗಿತ್ತು. ಬಿ.ಎ. ತರಗತಿಯಲ್ಲಿ ಅವನ ವಿಚಾರವನ್ನು ಓದಿ ಅಂಕ ಪಡೆದಿದ್ದೆ. ಆದರೆ ಅದು ಮನಸ್ಸಿಗೆ ಇಳಿದದ್ದು ಎಪ್ಪತ್ತು ದಾಟಿದ ಮೇಲೆ, ಬಣ್ಣ ಬಳಿದ ಬಟ್ಟೆಯ ಊರೊಂದನ್ನು ಮೊಮ್ಮಗಳ ಪಕ್ಕದಲ್ಲಿ ಕುಳಿತು ನೋಡಿದಾಗ.

ಸಂಘದ ಸದಸ್ಯರಲ್ಲಿಯೂ ಅವರ ಮನೆಯ ಕಿರಿಯರಲ್ಲಿಯೂ ನನ್ನದೊಂದು ವಿನಂತಿ. ಇನ್ನು ಮುಂದೆ ಯಾವುದಾದರೂ ಚಿತ್ರದಲ್ಲಿ ಗೋಡೆ ಓರೆಯಾಗಿ ಕಂಡರೆ ಕೂಡಲೇ ನಗಬೇಡಿರಿ, ಕೂಡಲೇ ಕೈಮುಗಿಯಲೂ ಬೇಡಿರಿ. ಅದು ಯಾರ ಕಣ್ಣಿನದು ಎಂದು ಕೇಳಿರಿ. ಸಾಧ್ಯವಾದರೆ ಮನೆಯವರೆಲ್ಲ ಒಟ್ಟಿಗೆ ಕುಳಿತು ‘ಮಾಯಾಬಜಾರ್’ ಮತ್ತು ‘ಶರಪಂಜರ’ಗಳನ್ನು ಒಂದರ ಹಿಂದೊಂದು ನೋಡಿರಿ. ಮಂಚ ಕೊಡವಿದ್ದು ಯಾರನ್ನು, ಮನೆ ಕೊಡವಿದ್ದು ಯಾರನ್ನು ಎಂದು ಮಕ್ಕಳನ್ನೇ ಕೇಳಿರಿ. ಅವರ ಉತ್ತರ ನಮ್ಮದಕ್ಕಿಂತ ಚೆನ್ನಾಗಿರಬಹುದು.

ಮೊಮ್ಮಗಳಿಗೆ ಈ ಲೇಖನವನ್ನು ಫೋನಿನಲ್ಲಿ ಓದಿ ಹೇಳಿದೆ. ತಾಳ್ಮೆಯಿಂದ ಕೇಳಿದಳು. “ಸರಿ ತಾತಾ, ಆದ್ರೆ ಆ ಸ್ಟೂಲ್ ಮೇಲಿಂದ ಗುಮಾಸ್ತ ಇಳಿಯೋದು ಹೇಗೆ?” ಎಂದಳು. ಅದಕ್ಕೆ ಉತ್ತರ ಹುಡುಕುತ್ತಿದ್ದೇನೆ.